ಅವ್ವ ಲೋಬಾನ ಹಾಕಲಿಲ್ಲ

ಓವನ್ನಿನ ಬಾಗಿಲು ತೆರೆದೊಡನೆ ಸಾಲ್ಮನ್ ಮೀನಿನ ಕೊಬ್ಬಿನಲ್ಲಿ ಬೆಂದ ಬೆಳ್ಳುಳ್ಳಿಯ ವಾಸನೆ ಮುಖಕ್ಕೆ ಬಡಿಯಿತು. ಉಪ್ಪಲ್‌ನ ಈ ಫ್ಲ್ಯಾಟಿನಿಂದ ನನ್ನನ್ನು ಎತ್ತಿ ಸನತ್‌ನಗರದ ಹಳೆಯ ವಠಾರಕ್ಕೆ ಒಯ್ದು ಕೂರಿಸಿತು. ದುಡಿದು ದಣಿದ ಸಂಜೆಗೆ ಓವನ್ನಿನ ಈ ಮೀನು ಸುಲಭದ ಅಡುಗೆ. ಉಪ್ಪು, ಖಾರ, ಬೆಳ್ಳುಳ್ಳಿ, ನಿಂಬೆರಸ ಸವರಿ ಒಳಗಿಟ್ಟರೆ ಅನ್ನವಾಗುವಷ್ಟರಲ್ಲಿ ಬೆಂದಿರುತ್ತದೆ. ಮನೆಯಲ್ಲೆಲ್ಲ ವಾಸನೆ ಹರಡುವುದಿಲ್ಲ ಎಂದೂ ಇದನ್ನು ಹೊಗಳುತ್ತಾರೆ. ಆ ಹೊಗಳಿಕೆ ಕೇಳಿದರೆ ನನಗೆ ಮೈ ಉರಿಯುತ್ತದೆ. ವಾಸನೆಯನ್ನು ಮುಚ್ಚಿಟ್ಟು ಉಣ್ಣುವ ಕಷ್ಟ ನಿಮ್ಮಲ್ಲೂ ಕೆಲವರಿಗೆ ಗೊತ್ತಿರಬಹುದು.

ಅಪ್ಪ ಕಾರ್ಖಾನೆಯ ಕೆಲಸಕ್ಕೆಂದು ರಾಯಚೂರು ಸೀಮೆಯ ಹೊಳೆದಂಡೆಯ ಊರಿನಿಂದ ಬಂದವನು. ವಠಾರದ ಮಾಲಕಿ ಕಲಬುರಗಿ ಕಡೆಯವರು. ಪರರಾಜ್ಯದ ಈ ನಗರದಲ್ಲಿ ತಮ್ಮಂತೆ ಕನ್ನಡದವರೆಂದು ಮನೆ ಕೊಟ್ಟರು, ಮೀನು ಮಾತ್ರ ಬೇಡ ಎಂದರು. ಬಾಡಿಗೆಗಿದ್ದವರೆಲ್ಲ ಹೂಂ ಅಂದಿದ್ದರು, ಎಲ್ಲರೂ ತಿನ್ನುತ್ತಿದ್ದರು. ಬಾಗಿಲು ಹಾಕಿಕೊಂಡು ಹುರಿದು, ವಾಸನೆ ಅಡಗಲೆಂದು ಕೆಂಡದ ಮೇಲೆ ಲೋಬಾನ ಉದುರಿಸುತ್ತಿದ್ದರು. ಭಾನುವಾರ ಯಾರ ಕಿಟಕಿಯಿಂದ ಆ ಧೂಪದ ಹೊಗೆ ಎದ್ದರೂ ಅಲ್ಲಿ ಮೀನು ಬೇಯುತ್ತಿದೆ ಎಂದು ಮಕ್ಕಳಾದ ನಮಗೂ ಗೊತ್ತು, ಮಾಲಕಿಗೂ ಗೊತ್ತು. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗೆ. ಅವರಿಗೆ ಬೇಕಾದದ್ದು ನಾವು ಮೀನು ಬಿಡುವುದಲ್ಲ, ಅಂಜಿಕೊಂಡಿರುವುದು. ಅವ್ವನೂ ಕೆಲಕಾಲ ಹಾಗೆಯೇ ಮಾಡಿದಳು. ಒಂದು ದಿನ ನನ್ನ ತಂಗಿ ಆ ಹೊಗೆಗೆ ಕೆಮ್ಮಿ ಕೆಮ್ಮಿ, ಉಣ್ಣದೆ ತಾಟು ಸರಿಸಿ ಎದ್ದಳು. ಮುಂದಿನ ಭಾನುವಾರ ಅವ್ವ ಇದ್ದಿಲಿನ ಶೆಗಡಿಯನ್ನೇ ಅಂಗಳದ ನಡುವೆ ತಂದಿಟ್ಟು, ರೋಹು ಮೀನಿನ ತುಂಡುಗಳನ್ನು ಖಾರ ಬೆರೆಸಿದ ಜೋಳದ ಹಿಟ್ಟಿನಲ್ಲಿ ಹೊರಳಿಸಿ ಹುರಿಯಲು ಕುಳಿತಳು.

ಮಾಲಕಿ ಬಂದರು. ಒಳಗೆ ಹೋಗಿ ಬಾಗಿಲು ಹಾಕಿಕೊ, ಇದನ್ನು ಮರೆತುಬಿಡುತ್ತೇನೆ ಎಂದರು. ಇಲ್ಲದಿದ್ದರೆ ಮನೆ ಖಾಲಿ ಮಾಡಬೇಕು. ಅಪ್ಪ ಬಾಗಿಲಲ್ಲಿ ನಿಂತು, ಒಳಗೆ ಬಾ ಎಂದು ಅವ್ವನನ್ನು ಕಣ್ಣಿನಲ್ಲೇ ಬೇಡಿಕೊಂಡ. ಅವ್ವ ಬಾಣಲೆಯ ತುಂಡನ್ನು ಮಗ್ಗಲು ಬದಲಿಸಿ, ದನಿ ಏರಿಸದೆ ಹೇಳಿದಳು:

"ಮನಿ ನಿಮ್ದರಿ ಅಕ್ಕಾರ, ಒಲಿ ನಂದು. ನನ್ನ ಮಕ್ಕಳು ತಿನ್ನೂ ಅನ್ನಕ್ಕ ಮುಸುಕ ಹಾಕಂಗಿಲ್ಲ ನಾ."

ತಿಂಗಳು ಮುಗಿಯುವುದರೊಳಗೆ ಹೊರಬಿದ್ದೆವು. ಮನೆ ಹುಡುಕುವಾಗ ಅವ್ವನದು ಒಂದೇ ಪಟ್ಟು. ನಳ ಎಲ್ಲಿದೆ ಎಂದು ಕೇಳುವುದಕ್ಕೂ ಮೊದಲು, ನಾವು ಮೀನು ತಿನ್ನುವವರು ಎಂದು ಹೇಳಿಬಿಡುತ್ತಿದ್ದಳು. ಒಂದರ ಹಿಂದೊಂದು ಬಾಗಿಲು ಮುಚ್ಚಿಕೊಂಡವು. ಬಾಯಿ ಮುಚ್ಚಿಕೊಂಡಿದ್ದರೆ ನಿನ್ನ ಗಂಟೇನು ಹೋಗುತ್ತಿತ್ತು ಎಂದು ಅಪ್ಪ ಸಿಡುಕಿದ. ಕೊನೆಗೆ ಸಿಕ್ಕಿದ್ದು ತಗಡಿನ ಮಾಡಿನ ಒಂದೇ ಕೋಣೆ. ಬೇಸಿಗೆಯಲ್ಲಿ ಮೀನಿಗಿಂತ ಮೊದಲು ನಾವೇ ಬೆಂದೆವು. ಆದರೆ ಬಾಗಿಲು ತೆರೆದಿಟ್ಟೇ ಉಂಡೆವು. ಓಣಿಯಲ್ಲಿ ಹೋಗುವವರು ಏನಡುಗೆ ಎಂದು ಕೇಳಿದರೆ ಅವ್ವ ಮೀನಿನ ಹೆಸರು ಹೇಳಿ ಊಟಕ್ಕೆ ಕರೆಯುತ್ತಿದ್ದಳು. ಒಂದು ತುಂಡು ಮೀನಿಗಾಗಿ ಒಳ್ಳೆಯ ಮನೆ ಕಳೆದುಕೊಂಡಳು ಎಂದು ನೆಂಟರು ಇಂದಿಗೂ ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ. ನಾನು ಒಪ್ಪುವುದಿಲ್ಲ.

ಅವ್ವ ಆ ತಗಡಿನ ಕೋಣೆಯಲ್ಲೇ ತೀರಿಹೋದಳು. ಈ ಫ್ಲ್ಯಾಟು ಆಮೇಲೆ ಬಂದದ್ದು, ನನ್ನದೇ ಸ್ವಂತದ್ದು. ತಾನು ಏನು ತಿನ್ನುತ್ತೇನೆಂದು ಮೊದಲೇ ಹೇಳದೆ ಒಳಗೆ ಬರಬಹುದಾದ ಈ ಮನೆಗೆ ಅವಳು ಒಮ್ಮೆಯೂ ಬರಲಿಲ್ಲ.