ಗ್ರೆಕಾ ಅಜ್ಜಿ ಮತ್ತು ಫಾವಾ ಹೂವಿನ ಗಾಳಿ

ನಮ್ಮ ಗ್ರೆಕಾ ಅಜ್ಜಿಯ ಹಟ ಅಂತಿಂಥದ್ದಲ್ಲ. ಫೆಬ್ರವರಿಯಲ್ಲಿ ಊರ ಸುತ್ತ ಫಾವಾ ಹೂ ಬಿಟ್ಟಿತೆಂದರೆ ಮನೆಯ ಕಿಟಕಿ ಸಂದುಗಳಿಗೆಲ್ಲ ಹಳೆಯ ಚಿಂದಿ ತುರುಕಿಬಿಡುತ್ತಿದ್ದಳು. ಫಾವಾ ಎಂದರೆ ಗೇಣುದ್ದದ ಕಾಯಿ, ಹೆಬ್ಬೆರಳ ಗಾತ್ರದ ಕಾಳು. ಅದರ ಹೂವಿನ ಗಾಳಿ ಕೆಲವು ಗಂಡುಮಕ್ಕಳನ್ನು ಹಿಡಿಯುತ್ತದೆ ಎಂದು ಸಾರ್ಡೀನಿಯಾ ದ್ವೀಪದ ನಮ್ಮ ಕಡೆ ಎಲ್ಲರೂ ನಂಬಿದ್ದರು. ನನ್ನನ್ನು ಅದು ವರ್ಷ ತಪ್ಪದೆ ಹಿಡಿಯುತ್ತಿತ್ತು. ಕಣ್ಣು ಹಳದಿ, ಕಾಲಲ್ಲಿ ಶಕ್ತಿಯಿಲ್ಲ, ಕೂತಲ್ಲೇ ತೂಕಡಿಕೆ. ಎಲ್ಲಕ್ಕಿಂತ ಕೆಟ್ಟದ್ದೆಂದರೆ ಕಾರಣವೇ ಇಲ್ಲದ ದುಃಖ. ಪಾಟಿಯ ಮುಂದೆ ಕೂತು ಸುಮ್ಮನೆ ಅಳುತ್ತಿದ್ದೆ.

ಅಜ್ಜಿ ನನ್ನನ್ನು ಬಾಣಂತಿಯ ಹಾಗೆ ಬೆಚ್ಚಗೆ ಕೂಡಿಹಾಕಿ, ಎದುರು ಕೂತು, ಬಾಯಿಗಿಟ್ಟು ಉಣಿಸುತ್ತಿದ್ದಳು. ಏನನ್ನು? ಫಾವಾವನ್ನೇ! ಹೂವಿನ ಬೆನ್ನಿಗೇ ಬರುವ ಎಳೆಗಾಯಿಯನ್ನು ಹಸಿಯಾಗಿ ಬಿಡಿಸಿ, ಕುರಿಹಾಲಿನ ಚೀಸಿನ ಜೊತೆ. ಸ್ವಲ್ಪ ಬಲಿತರೆ ಹಂದಿಕೊಬ್ಬು ಹಾಕಿ ಬೇಯಿಸಿ. ಬಡವರ ಮಾಂಸ ಅದು, ಮೈಗೆ ರಕ್ತ ಬರುತ್ತದೆ ಎನ್ನುತ್ತಿದ್ದಳು. ಹೂವಿಗೆ ಹೆದರಿ ಕಿಟಕಿ ಮುಚ್ಚಿ, ಒಳಗೆ ಕೂತು ಕಾಯಿ ತಿನ್ನುವ ಜನ ನಾವು. ನಮ್ಮ ಬುದ್ಧಿಗೆ ಏನು ಹೇಳೋಣ!

ಶಾಲೆಯಲ್ಲಿ ಕೊಸ್ಸು ಮೇಷ್ಟ್ರು ಈ ಗಾಳಿ ಗೀಳಿ ಒಂದನ್ನೂ ನಂಬುತ್ತಿರಲಿಲ್ಲ. ಜನವರಿಯವರೆಗೆ ನಾನು ಮೊದಲ ಬೆಂಚು, ಈಸ್ಟರ್ ಹೊತ್ತಿಗೆ ಕೊನೆಯ ಬೆಂಚು. ಇದಕ್ಕೆ ಅವರ ಬಳಿ ಒಂದೇ ಹೆಸರಿತ್ತು, ಸೋಮಾರಿತನ. ೧೯೫೭ರಲ್ಲಿ ನಾನು ಐದನೆಯ ತರಗತಿ. ಜೂನಿನ ಪರೀಕ್ಷೆ ಪಾಸಾದರೆ ಪಟ್ಟಣದ ಶಾಲೆ, ಫೇಲಾದರೆ ಅಪ್ಪನ ಜೊತೆ ಕುರಿ ಹಿಂದೆ. ಅಪ್ಪನಿಗೆ ನನ್ನ ಮೇಲೆ ಎಷ್ಟು ಭರವಸೆಯಿತ್ತೆಂದರೆ, ಕುರುಬರ ತೊಗಲಿನ ಚೀಲವೊಂದನ್ನು ನನ್ನ ಅಳತೆಗೆ ಹೊಲಿಸಿ ಆಗಲೇ ಬಾಗಿಲ ಪಕ್ಕದ ಮೊಳೆಗೆ ನೇತುಹಾಕಿದ್ದ. ಹೋಗುವಾಗ ಬರುವಾಗ ಆ ಚೀಲ ಕಾಣದಿರಲೆಂದು ನಾನು ಮುಖ ತಿರುಗಿಸುತ್ತಿದ್ದೆ.

ಅಜ್ಜಿಗೆ ನನಗಿಂತ ಹೆಚ್ಚು ಸಂಕಟ. ಅವಳಿಗೆ ಪ್ರಿಯಾಮೊ ಎಂಬ ತಮ್ಮನಿದ್ದ. ಸತ್ತವರ ಹೆಸರನ್ನು ಮೊಮ್ಮಕ್ಕಳಿಗೆ ಇಡುವುದು ನಮ್ಮಲ್ಲಿ ವಾಡಿಕೆ, ಹಾಗಾಗಿ ನಾನೂ ಪ್ರಿಯಾಮೊ. ಅವನನ್ನೂ ವಸಂತ ಬಂದರೆ ಇದೇ ಗಾಳಿ ಹಿಡಿಯುತ್ತಿತ್ತಂತೆ. ಒಂಬತ್ತು ವರ್ಷಕ್ಕೆ ಶಾಲೆ ಬಿಡಿಸಿ ಕುರಿ ಕಾಯಲು ಕಳಿಸಿದರು. ಹನ್ನೆರಡಕ್ಕೆ, ಒಂದು ಏಪ್ರಿಲ್‌ನಲ್ಲಿ, ಬೆಟ್ಟದ ಮೇಲೇ ತೀರಿಕೊಂಡ. ಅಲ್ಲಿಂದ ಊರಿನವರು ಅಜ್ಜಿಯ ಮನೆತನಕ್ಕೆ ತೂಕಡಿಕೆಯವರು ಎಂದೇ ಅಡ್ಡಹೆಸರಿಟ್ಟರು. ನನ್ನ ತಮ್ಮ ಸೋಮಾರಿಯಲ್ಲ ಎಂದು ಅಜ್ಜಿ ಹೇಳುತ್ತಲೇ ಬಂದಳು. ಕೇಳಿದವರು ಪಾಪ ಎಂದು ತಲೆಯಾಡಿಸಿ, ಆಚೆ ಹೋಗಿ ನಗುತ್ತಿದ್ದರು.

ಅಪ್ಪನಂತೂ ಊಟಕ್ಕೆ ಕೂತಾಗಲೇ ಚುಚ್ಚುತ್ತಿದ್ದ. "ಏನ್ ಮಾಡೋದು ಅತ್ತೆ, ನಿಮ್ಮ ಕಡೆ ಗಂಡಸರಿಗೆ ರಕ್ತದಲ್ಲೇ ನಿದ್ದೆ ಬೆರ್ತಿದೆ."

ಅಜ್ಜಿ ತಟ್ಟೆ ಸರಿಸಿ ಎದ್ದುಬಿಡುತ್ತಿದ್ದಳು. ಅಮ್ಮ ಇಬ್ಬರ ನಡುವೆ ಕೂತು ರೊಟ್ಟಿ ಮುರಿಯುತ್ತಿದ್ದಳು.

ಆ ಮಾರ್ಚಿಯಲ್ಲಿ ಕಾಲ್ಯರಿ ಪಟ್ಟಣದಿಂದ ಒಬ್ಬ ಡಾಕ್ಟರಮ್ಮ ಶಾಲೆಗೆ ಬಂದು, ಗಂಡುಹುಡುಗರ ಬೆರಳಿಗೆಲ್ಲ ಸೂಜಿ ಚುಚ್ಚಿ ಒಂದೊಂದು ಹನಿ ರಕ್ತ ಒಯ್ದಳು. ಹದಿನೈದು ದಿನ ಬಿಟ್ಟು ನಮ್ಮ ಮನೆಗೇ ಬಂದಳು. ಆಗ ಅಜ್ಜಿ ನನಗೆ ಆ ವರ್ಷದ ಮೊದಲ ಕಾಯಿ ಬಿಡಿಸಿಕೊಡುತ್ತಿದ್ದಳು. ಡಾಕ್ಟರಮ್ಮ ಮಾತಿಗೂ ಮೊದಲು ಬಟ್ಟಲನ್ನು ನನ್ನ ಕೈಯಿಂದ ಕಿತ್ತುಕೊಂಡಳು.

ಇದು ಗಾಳಿಯೂ ಅಲ್ಲ, ಸೋಮಾರಿತನವೂ ಅಲ್ಲ ಎಂದಳು. ಈ ಹುಡುಗನ ರಕ್ತದಲ್ಲಿ ಹುಟ್ಟಿನಿಂದಲೇ ಒಂದು ಕೊರತೆ ಇದೆ, ಫಾವಾ ತಿಂದರೆ ರಕ್ತ ಒಳಗೊಳಗೇ ಒಡೆದು ಹೋಗುತ್ತದೆ. ರಕ್ತವಿಲ್ಲದವನಿಗೆ ನಿದ್ದೆ ಬರುತ್ತದೆ, ಮನಸ್ಸು ಕುಗ್ಗುತ್ತದೆ, ಇನ್ನು ಲೆಕ್ಕ ತಲೆಗೆ ಹತ್ತುವುದೆಲ್ಲಿಂದ? ಇದು ತಾಯಿಯಿಂದ ಮಗನಿಗೆ ಬರುವಂಥದ್ದು, ತಾಯಂದಿರು ಮಾತ್ರ ಸಾಮಾನ್ಯವಾಗಿ ಆರೋಗ್ಯವಾಗೇ ಇರುತ್ತಾರೆ ಎಂದೂ ಹೇಳಿದಳು.

ಅಪ್ಪನಿಗೆ ಅಷ್ಟೇ ಬೇಕಿತ್ತು. "ನಾನ್ ಹೇಳ್ಲಿಲ್ವಾ? ಎಲ್ಲಾ ಇವ್ರ ಕಡೆ ರಕ್ತ."

"ರಕ್ತ ಅವ್ರ ಕಡೇದೇ ಕಣಪ್ಪ," ಎಂದಳು ಡಾಕ್ಟರಮ್ಮ. "ಆದ್ರೆ ತಟ್ಟೆಗೆ ಫಾವಾ ಬೀಳೋವರೆಗೂ ಆ ರಕ್ತ ಯಾರಿಗೂ ಏನೂ ಮಾಡಲ್ಲ. ಬಡಿಸೋದು ನಿಮ್ಮ ಕೈಲಿದೆ."

ಅಜ್ಜಿ ಒಂದು ಪ್ರಶ್ನೆ ಕೇಳಿದಳು.

"ಹನ್ನೆರಡು ವರ್ಷದ ಹುಡ್ಗ, ಒಂದು ಮಡಿಲು ಹಸಿಕಾಯಿ ತಿಂದ್ರೆ?"

"ಜೀವಕ್ಕೇ ಬರಬಹುದು. ಯಾಕಮ್ಮ, ಇವನಿಗೆ ಅಷ್ಟು ಕೊಟ್ರಾ?"

"ಇವನಿಗಲ್ಲ," ಎಂದಳು ಅಜ್ಜಿ. "ನನ್ನ ತಮ್ಮಂಗೆ. ನಲವತ್ತಾರು ವರ್ಷ ಆಯ್ತು. ಅವನಿಗೆ ಇಷ್ಟ ಅಂತ ಬೆಟ್ಟಕ್ಕೆ ಹೊತ್ಕೊಂಡು ಹೋಗಿದ್ದೆ."

ಡಾಕ್ಟರಮ್ಮ ಅವಳ ಕೈ ಹಿಡಿದುಕೊಂಡಳು. ಗೊತ್ತಿಲ್ಲದೆ ಮಾಡಿದ್ದು ಎಂದು ಸಮಾಧಾನ ಹೇಳಿದಳು. ಅಜ್ಜಿ ಕೈ ಬಿಡಿಸಿಕೊಂಡು ಹಿತ್ತಲಿಗೆ ಹೋದಳು. ಅಲ್ಲಿ ನಮ್ಮ ಫಾವಾ ಸಾಲುಗಳಿದ್ದವು, ಊರಿಗೇ ಮೊದಲು ಕಾಯಿ ಬಿಡುವಂಥವು. ಒಂದೊಂದೇ ಗಿಡವನ್ನು ಹೂವು ಕಾಯಿ ಸಮೇತ ಬೇರಿನಿಂದ ಕಿತ್ತಳು. ಅಮ್ಮ ತಡೆಯಲು ಹೋಗಿ ಬೈಸಿಕೊಂಡು ಬಂದಳು. ಮಧ್ಯಾಹ್ನದ ಹೊತ್ತಿಗೆ ಹಿತ್ತಲು ಬೋಳಾಗಿತ್ತು. ಆಮೇಲೆ ಒಳಗೆ ಬಂದು, ಕೈ ತೊಳೆದು, ಕಿಟಕಿಗಳ ಚಿಂದಿಯನ್ನೆಲ್ಲ ಎಳೆದು ಬಿಸಾಡಿದಳು. ಹುಟ್ಟಿದಾರಭ್ಯ ಮೊದಲ ಸಲ ನಾನು ಆ ಹೂವಿನ ವಾಸನೆಯನ್ನು ಹೆದರದೆ ಎಳೆದುಕೊಂಡೆ. ಪಕ್ಕದ ಹೊಲಗಳಿಂದ ಬರುತ್ತಿತ್ತು, ಬಹಳ ಚೆನ್ನಾಗಿತ್ತು.

ಆ ವಸಂತವೆಲ್ಲ ಕಡಲೆಕಾಳು ತಿಂದೆ. ನಾನು ಯಾರ ಮನೆಗೆ ಹೊರಟರೂ ಅಜ್ಜಿ ನನಗಿಂತ ಮುಂಚೆ ಹೋಗಿ, ಒಲೆಯ ಮೇಲಿನ ಪಾತ್ರೆಯ ಮುಚ್ಚಳ ತೆಗೆದು ನೋಡಿ ಬರುತ್ತಿದ್ದಳು. ನಾಚಿಕೆಯಿಂದ ಸಾಯುತ್ತಿದ್ದೆ. ಜೂನಿನಲ್ಲಿ ತರಗತಿಗೆ ಎರಡನೆಯವನಾಗಿ ಪಾಸಾದೆ. ಅಪ್ಪ ಮೊಳೆಯಲ್ಲಿದ್ದ ಚೀಲ ತೆಗೆದು, ಪುಸ್ತಕ ಹಿಡಿಯುತ್ತದೆಯೇ ನೋಡು ಎಂದು ನನ್ನ ಕೈಗಿಟ್ಟ. ಪಟ್ಟಣದ ಶಾಲೆಗೆ ಅದನ್ನೇ ಹೊತ್ತೆ.

ಅಜ್ಜಿ ಮತ್ತೆಂದೂ ಫಾವಾ ಬೆಳೆಯಲಿಲ್ಲ. ಅವಳಿಗೆ ಅದು ಏನೂ ಮಾಡುತ್ತಿರಲಿಲ್ಲ, ಆದರೂ ಬಾಯಿಗಿಡಲಿಲ್ಲ.

ಹತ್ತು ವರ್ಷದ ಮೇಲೆ ನಾನು ನಮ್ಮೂರ ಶಾಲೆಗೇ ಮೇಷ್ಟ್ರಾಗಿ ಬಂದೆ. ಬೀರುವಿನ ತಳದಲ್ಲಿ ಹಳೆಯ ರಿಜಿಸ್ಟರುಗಳಿದ್ದವು, ಇಲಿ ತಿಂದು ಉಳಿದವು. ಒಂದರಲ್ಲಿ ಅಜ್ಜಿಯ ತಮ್ಮ ಪ್ರಿಯಾಮೊ ಸಿಕ್ಕ. ಅದನ್ನು ಹೊರಗೆ ಒಯ್ಯುವಂತಿರಲಿಲ್ಲವಾದ್ದರಿಂದ ಅಜ್ಜಿಯನ್ನೇ ಕರೆತಂದೆ. ಎಪ್ಪತ್ತೊಂದು ವರ್ಷಕ್ಕೆ ಅವಳು ಮೊದಲ ಸಲ ಶಾಲೆಯ ಬೆಂಚಿನ ಮೇಲೆ ಕೂತಳು, ಸೆರಗಿನಂಥ ಕಪ್ಪು ತಲೆವಸ್ತ್ರ ಸರಿಮಾಡಿಕೊಂಡು. ನಾನು ಓದಿದೆ. ಲೆಕ್ಕ ಒಂಬತ್ತು, ಓದು ಒಂಬತ್ತು, ಬರವಣಿಗೆ ಎಂಟು, ಎಲ್ಲವೂ ಹತ್ತಕ್ಕೆ. ಅದು ಜನವರಿಯವರೆಗೆ. ಆಮೇಲೆ ಮಾರ್ಚಿ. ಲೆಕ್ಕ ಮೂರು, ಓದು ಎರಡು. ಕೆಳಗೆ ಕೆಂಪು ಶಾಯಿಯಲ್ಲಿ, ಸೋಮಾರಿ, ಓದಿಸಿ ಪ್ರಯೋಜನವಿಲ್ಲ.

ಅಜ್ಜಿ ಪುಟದ ಮೇಲ್ಭಾಗಕ್ಕೆ ಬೆರಳು ತೋರಿದಳು.

"ಮೊದ್ಲಿಂದು ಇನ್ನೊಂದ್ಸಲ ಓದು."

ಓದಿದೆ.

"ಹಂಗಾದ್ರೆ ನನ್ನ ತಮ್ಮ ಜಾಣ."

"ಜಾಣನೇ ಅಜ್ಜಿ. ನನಗಿಂತ ಜಾಣ."

ಅವಳು ಎದ್ದು ಹೋಗಿ ಬೀದಿ ಕಡೆಯ ಎರಡೂ ಕಿಟಕಿ ತೆರೆದಳು. ಹೊರಗೆ ಚೌಕದಲ್ಲಿ ಮುದುಕರು ಬಿಸಿಲು ಕಾಯಿಸುತ್ತ ಕೂತಿದ್ದರು.

"ಈಗ ಗಟ್ಟಿಯಾಗಿ ಓದು," ಎಂದಳು. "ಅವರಿಗೂ ಕೇಳ್ಲಿ."

ನಾನು ಎದ್ದು ನಿಂತು, ಹಾಜರಿ ಕೂಗುವ ದನಿಯಲ್ಲಿ, ಪ್ರಿಯಾಮೊ ಎಂದು ಶುರುಮಾಡಿದೆ.