ನಾದಿನಿ ರಜೆ ಹಾಕಿದ ದಿನ

ಮುದ್ರಣಾಲಯದ ಅಡುಗೆಮನೆಯಲ್ಲಿ ಹತ್ತೊಂಬತ್ತು ವರ್ಷದಿಂದ ಸೌಟು ಹಿಡಿದವಳನ್ನು ಎಲ್ಲರೂ ಅಕ್ಕ ಎಂದೇ ಕರೆಯುತ್ತಿದ್ದರು. ಅಲ್ಲಿನ ಮೂವತ್ತು ಜನ ಸೇರಿ ಊರಾಚೆಯ ಒಂದು ತೋಟದ ಬೆಳೆಯಲ್ಲಿ ಪಾಲು ಹಿಡಿದಿದ್ದರು. ಮಂಗಳವಾರ, ಶುಕ್ರವಾರ ಬೆಳಿಗ್ಗೆ ತೋಟದವನು ಬುಟ್ಟಿಗಳನ್ನು ಇಳಿಸಿ ಹೋಗುತ್ತಿದ್ದ. ಒಳಗೇನಿದೆ ಎಂಬುದು ಬಿಚ್ಚಿದ ಮೇಲೆಯೇ ಗೊತ್ತು. ಒಂದು ವಾರ ಬದನೆ, ಇನ್ನೊಂದು ವಾರ ಬರೀ ಮೂಲಂಗಿ. ಅಕ್ಕ ಬುಟ್ಟಿಗೆ ಮೂಗಿಟ್ಟು ಮೂಸಿ, ಒಂದೆಲೆ ಹರಿದು ಅಗಿದು, ಆಮೇಲೆ ಅಂದಿನ ಅಡುಗೆ ಏನೆಂದು ತೀರ್ಮಾನಿಸುತ್ತಿದ್ದಳು. ಯಾರ ಸಲಹೆಯನ್ನೂ ಕೇಳುವ ಜಾಯಮಾನ ಅವಳದಲ್ಲ. ಜೊತೆಗೆ ಕೆಲಸಕ್ಕಿದ್ದ ನಾದಿನಿಯನ್ನಂತೂ, ಗಂಡನ ತಂಗಿ ಎಂಬ ದಾಕ್ಷಿಣ್ಯಕ್ಕೂ ಒಲೆಯ ಹತ್ತಿರ ಬಿಟ್ಟುಕೊಂಡವಳಲ್ಲ. ತೊಳೆಯುವುದು, ಹೆಚ್ಚುವುದು, ಬಡಿಸುವುದು, ಅಷ್ಟೇ ಅವಳ ಪಾಲಿನ ಕೆಲಸ.

ಹೀಗಿರುವಾಗ ಅಕ್ಕನಿಗೊಂದು ಜ್ವರ ಬಂತು. ಹೋಗುವಾಗ ವಾಸನೆ, ರುಚಿ ಎರಡನ್ನೂ ಕಟ್ಟಿಕೊಂಡು ಹೋಯಿತು. ಟೊಮೆಟೊ ಕಚ್ಚಿದರೆ ಬರೀ ನೀರು, ಸೊಪ್ಪು ಅಗಿದರೆ ಕಾಗದ. ಡಾಕ್ಟರು, "ವಾಪಸ್ ಬರಬಹುದು, ಬರದೆಯೂ ಇರಬಹುದು" ಎಂದರು. ಅಕ್ಕ ಯಾರ ಮುಂದೆಯೂ ಬಾಯಿ ಬಿಡಲಿಲ್ಲ. ರುಚಿ ತಿಳಿಯದವಳ ಕೈಗೆ ಸೌಟು ಯಾರು ಕೊಡುತ್ತಾರೆ? ಬೆಳಗಾಗುವುದರೊಳಗೆ ಅದು ನಾದಿನಿಯ ಕೈ ಸೇರುತ್ತದೆ ಎಂಬ ಭಯ ಅವಳಿಗೆ. ಮೂರು ತಿಂಗಳು ಅಂದಾಜಿನ ಮೇಲೆ ಬೇಯಿಸಿದಳು. ತಟ್ಟೆಗಳು ಖಾಲಿಯಾಗಿಯೇ ಹಿಂದಿರುಗಿದವು. ನಾಲಗೆ ಹೋದರೇನು, ಕೈಗೆ ಎಲ್ಲ ಗೊತ್ತಿದೆ ಎಂದು ಒಳಗೊಳಗೇ ಬೀಗಿದಳು.

ಒಂದು ಶುಕ್ರವಾರ ನಾದಿನಿ ಹಲ್ಲು ಕೀಳಿಸಲು ರಜೆ ಹಾಕಿದಳು. ಅವತ್ತು ಬುಟ್ಟಿಯ ತುಂಬ ಎಳೆ ಸೌತೆಕಾಯಿ. ಅಭ್ಯಾಸದಂತೆ ಅಕ್ಕ ಒಂದೊಂದರ ತುದಿ ಕತ್ತರಿಸಿ ಬಾಯಿಗೆ ಹಾಕಿಕೊಂಡಳು. ಏನೂ ತಿಳಿಯಲಿಲ್ಲ. ಅಷ್ಟನ್ನೂ ಹೆಚ್ಚಿ ಮೊಸರಿಗೆ ಬೆರೆಸಿದಳು.

ಮೊದಲ ತುತ್ತಿಗೇ ಮೆಷಿನ್ ನಡೆಸುವ ಹಿರಿಯನ ಮುಖ ಸೊಟ್ಟಗಾಯಿತು.

"ಸೌತೆಕಾಯಿ ವಿಷದ ಹಾಗೆ ಕಹಿ ಅಕ್ಕಾ. ಸಾರಿಗೆ ಉಪ್ಪೇ ಬಿದ್ದಿಲ್ಲ. ಇವತ್ತು ನಿಮ್ಮ ನಾದಿನಿ ಬಂದಿಲ್ವಾ?"

ಕೇಳಿದವನಿಗೆ ಅದರಲ್ಲಿ ವಿಶೇಷವೇನೂ ಕಾಣಲಿಲ್ಲ. ಅಕ್ಕನಿಗೆ ಮಾತ್ರ ಆಗ ಎಲ್ಲ ಹೊಳೆಯಿತು. ಎಲ್ಲರಿಗೂ ಗೊತ್ತಿದ್ದದ್ದು ಗೊತ್ತಿಲ್ಲದೆ ಇದ್ದವಳು ತಾನೊಬ್ಬಳೇ!

ಮರುದಿನ ಕೆನ್ನೆ ಊದಿಸಿಕೊಂಡು ಬಂದ ನಾದಿನಿಯನ್ನು ಬಾಗಿಲಲ್ಲೇ ತಡೆದಳು.

"ನನ್ನ ಬೆನ್ನ ಹಿಂದೆ ಪಾತ್ರೆಗೆ ಕೈ ಹಾಕ್ತಿದ್ಯಾ?"

"ಹಾಕ್ತಿದ್ದೆ ಅತ್ತಿಗೆ. ನೀವು ತಟ್ಟೆ ಜೋಡಿಸೋಕೆ ಹೋದಾಗ."

"ಎಷ್ಟು ದಿನದಿಂದ?"

"ಹಳಸಿದ ಬೇಳೆನ ಮೂಸಿ ಚೆನ್ನಾಗಿದೆ ಅಂದ್ರಲ್ಲ, ಅವತ್ತಿಂದ."

"ನನಗೊಂದು ಮಾತು ಹೇಳ್ಬಾರ್ದಿತ್ತಾ?"

"ಹೇಳಿದ್ರೆ ನೀವು ಮನೇಲಿ ಕೂತ್ಬಿಡ್ತಿದ್ರಿ. ಆ ಬುಟ್ಟಿ ಬಿಚ್ಚಿ ಯಾವುದಕ್ಕೆ ಯಾವುದು ಸೇರಿಸ್ಬೇಕು ಅಂತ ನಂಗೇನು ಗೊತ್ತು? ನಂಗೆ ತಿಳಿಯೋದು ಉಪ್ಪು ಖಾರ ಅಷ್ಟೇ."

ಜೋಡಿಸಿಟ್ಟುಕೊಂಡಿದ್ದ ಬೈಗುಳದ ಬದಲು ಅಕ್ಕನಿಗೆ ಅಳು ಬಂತು. ಈರುಳ್ಳಿ ಹೆಚ್ಚುತ್ತಿದ್ದೆ ಎನ್ನಲು ಕೈಯಲ್ಲಿ ಈರುಳ್ಳಿಯೂ ಇರಲಿಲ್ಲ. ಸೆರಗಿನಿಂದ ಮುಖ ಒರೆಸಿಕೊಂಡು ಒಲೆ ಹಚ್ಚಿದಳು.

ಕುಂಬಳಕಾಯಿ ಬೆಂದ ಮೇಲೆ ಸೌಟಿನಲ್ಲಿ ಸ್ವಲ್ಪ ತೆಗೆದು, ಊದಿ ಆರಿಸಿ, ನಾದಿನಿಯ ಮುಂದೆ ಹಿಡಿದಳು.

"ಉಪ್ಪು ನೋಡು."

ಆ ಅಡುಗೆಮನೆಯಲ್ಲಿ ಅವಳು ಇಂಥ ಮಾತನ್ನು ಯಾರಿಗೂ ಆಡಿದ್ದಿಲ್ಲ. ನಾದಿನಿ ನೋಯದ ದವಡೆಯ ಕಡೆ ತುತ್ತು ತಳ್ಳಿಕೊಂಡು, ಕಣ್ಣು ಮುಚ್ಚಿ, ಬೇಕೆಂದೇ ಹೊತ್ತು ತೆಗೆದುಕೊಂಡಳು.

"ಜಾಸ್ತಿ ಆಗಿದೆ ಅತ್ತಿಗೆ."

ಅಕ್ಕ ಉಪ್ಪು ಹೀರಿಕೊಳ್ಳಲೆಂದು ಎರಡು ಆಲೂಗಡ್ಡೆ ಎತ್ತಿಕೊಂಡು ಸಿಪ್ಪೆ ತೆಗೆಯಲು ಕುಳಿತಳು.