ಸೂಜಿಗಣ್ಣಮ್ಮನ ಲೇತು

ಸೂಜಿಗಣ್ಣಮ್ಮ ಅಂತ ಅವಳಿಗೆ ಹೆಸರಿಟ್ಟವರು ಕಾರ್ಖಾನೆಯ ಯಾರೋ, ಈಗ ಯಾರಿಗೂ ನೆನಪಿಲ್ಲ. ಹೆಸರು ಮಾತ್ರ ಅಂಟಿಕೊಂಡಿತು. ತಪಾಸಣೆ ಕೋಣೆಯಲ್ಲಿ ಮೂವತ್ತೈದು ವರ್ಷ ಕೂತು, ಲೇತಿನಲ್ಲಿ ಕಡೆದು ಬಂದ ಬಿಡಿಭಾಗಗಳನ್ನು ಒಂದೊಂದಾಗಿ ಅಳೆದು, ಸರಿಯಿದ್ದದ್ದನ್ನು ಒಂದು ಪೆಟ್ಟಿಗೆಗೆ, ಇಲ್ಲದ್ದನ್ನು ಇನ್ನೊಂದಕ್ಕೆ ಹಾಕುವುದು ಅವಳ ಕೆಲಸವಾಗಿತ್ತು. ಕೂದಲೆಳೆಯ ಕಾಲು ಭಾಗದಷ್ಟು ಹೆಚ್ಚುಕಡಿಮೆಯಿದ್ದರೂ ಮೊದಲು ಅವಳ ಬೆರಳಿಗೆ ಅನುಮಾನ ಬರುತ್ತಿತ್ತು. ಆಮೇಲೆ ಮೈಕ್ರೋಮೀಟರು ಹೌದು ಅನ್ನುತ್ತಿತ್ತು, ಅಷ್ಟೆ.

ಇಷ್ಟಾಗಿಯೂ ಅವಳು ತಾನಾಗಿ ಒಂದು ತುಂಡನ್ನೂ ಕಡೆದವಳಲ್ಲ. ಕೆಲಸಕ್ಕೆ ಸೇರಿದ ಮೂರನೇ ವರ್ಷ, ಲೇತ್ ಕಲಿಸಿ ಅಂತ ಫೋರ್‌ಮನ್ನನ್ನು ಕೇಳಿದ್ದಳು. ಆತನೇನೂ ಕೆಟ್ಟ ಮನುಷ್ಯನಲ್ಲ. "ಅಳೆಯೋ ಕೈ ಬೇರೆ, ಕಡೆಯೋ ಕೈ ಬೇರೆ ಕಣಮ್ಮ" ಅಂದು ನಗುತ್ತಾ ಹೋಗಿಬಿಟ್ಟ. ಅವಳೂ ನಕ್ಕಳು. ಆಮೇಲೆ ಮದುವೆ, ಮಗಳು, ಮಗಳ ಓದು, ಮಗಳ ಮದುವೆ. ಮತ್ತೆ ಯಾರನ್ನೂ ಕೇಳಲಿಲ್ಲ.

ನಿವೃತ್ತಿಯಾಗಿ ಎರಡು ತಿಂಗಳಾಗಿರಬಹುದು. ಎರಡು ಬೀದಿಯಾಚೆ, ಲೇತಿನಲ್ಲಿ ಕಡೆಯುವ ಕೆಲಸದ ಒಬ್ಬ ಹಳೇ ಟರ್ನರ್ ತನ್ನ ಶೆಡ್ಡು ಮುಚ್ಚುತ್ತಿದ್ದಾನೆ, ಲೇತು ಗುಜರಿಯವನ ಪಾಲಾಗುತ್ತದೆ ಅಂತ ಕಿವಿಗೆ ಬಿತ್ತು. ಆ ಟರ್ನರ್ ಅವಳಿಗೆ ಗೊತ್ತಿದ್ದವನೇ. ಕಾರ್ಖಾನೆಗೆ ಹೊರಗಿನಿಂದ ಮಾಲು ಮಾಡಿ ಕಳಿಸುತ್ತಿದ್ದವರಲ್ಲಿ ಒಬ್ಬ. ಒಮ್ಮೆ ಅವನು ಕಳಿಸಿದ, ಅಚ್ಚು ತಿರುಗಲು ತೂತಿಗೆ ಕೂರಿಸುವ ಬಳೆಯಂಥ ಎಂಬತ್ತು ಬುಷ್‌ಗಳನ್ನು, ಸ್ವಲ್ಪ ದಪ್ಪಗಿವೆ ಅಂತ, ಒಂದೇ ಚೀಟಿ ಬರೆದು ಪೂರ್ತಿ ವಾಪಸು ಕಳಿಸಿದ್ದಳು. ಅವನು ಕೆಂಡವಾಗಿ ಬಂದಿದ್ದ. ತಲೆಯೆತ್ತದೆ ಮೈಕ್ರೋಮೀಟರನ್ನು ಅವನ ಮುಂದೆ ತಳ್ಳಿದ್ದಳು. ಅವನು ನಾಲ್ಕು ಅಳೆದು ನೋಡಿ, ಪೆಟ್ಟಿಗೆ ಹೊತ್ತುಕೊಂಡು ಹೋಗಿದ್ದ.

ಆ ಶೆಡ್ಡಿನ ಬಾಗಿಲಲ್ಲಿ ಅವಳು ನಿಂತಾಗ ಟರ್ನರ್ ಸ್ಟೂಲಿನ ಮೇಲೆ ಕೂತಿದ್ದ. ಕಣ್ಣಿಗೆ ದಪ್ಪ ಕನ್ನಡಕ.

"ಯಾರು?"

"ಲೇತ್ ಕೊಡ್ತೀರಂತೆ. ನೋಡೋಣ ಅಂತ ಬಂದೆ."

ಅವನು ದನಿಯಲ್ಲೇ ಗುರುತು ಹಿಡಿದ. "ಸೂಜಿಗಣ್ಣಮ್ಮನವರು. ಯಾರಿಗೆ ಬೇಕಿತ್ತು? ಅಳಿಯನಿಗಾ?"

"ನನಗೇ."

ಅವನು ಸ್ಟೂಲನ್ನು ಪಕ್ಕಕ್ಕೆ ಎಳೆದು ದಾರಿ ಬಿಟ್ಟ. ಅವಳು ಚೀಲದಿಂದ ಅಳತೆಯ ಸಾಮಾನು ತೆಗೆದಳು. ಮಷಿನ್ನಿನ ಉದ್ದಕ್ಕೂ ಇರುವ ಎರಡು ಕಬ್ಬಿಣದ ಹಳಿ, ಅದರ ಮೇಲೆ ಹಿಂದೆ ಮುಂದೆ ಓಡಾಡುವ ಗಾಡಿ, ಎಡಗಡೆ ತುಂಡನ್ನು ಕಚ್ಚಿ ಹಿಡಿದು ತಿರುಗುವ ಚಕ್, ಒಂದನ್ನೂ ಬಿಡದೆ ನೋಡಿದಳು. ಚಕ್ಕಿನ ಹತ್ತಿರ ಒಂದು ಗೇಣಿನಷ್ಟು ಜಾಗದಲ್ಲಿ ಹಳಿ ಸವೆದಿತ್ತು.

"ಇಲ್ಲಿ ತಗ್ಗಾಗಿದೆ ಮೇಸ್ತ್ರಿ."

"ಆಗದೆ ಏನಮ್ಮ. ನಾಲ್ಕಡಿ ಮಷಿನ್ನು. ನನ್ನ ದುಡಿಮೆಯೆಲ್ಲ ನಡೆದಿದ್ದು ಆ ಒಂದು ಗೇಣಲ್ಲೇ. ಬೇಕಾದರೆ ತಗೊಳ್ಳಿ, ಬೇಡದಿದ್ದರೆ ಇಲ್ಲ. ಚೀಟಿ ಮಾತ್ರ ಬರೀಬೇಡಿ."

ಗುಜರಿಯವನು ಹೇಳಿದ ಬೆಲೆಗಿಂತ ತುಸು ಹೆಚ್ಚಿಗೆ ಮಾತಾಯಿತು.

ಮನೆಯಲ್ಲಿ ಮೂರು ಜನ: ಅವಳು, ಅಂಚೆ ಕಚೇರಿಯಲ್ಲಿ ಕಾಗದ ವಿಂಗಡಿಸಿ ನಿವೃತ್ತನಾದ ಗಂಡ, ಎಂಬತ್ತು ದಾಟಿದ ಅತ್ತೆ. ಲೇತು ಇಡಬೇಕಾದದ್ದು ಹಿಂದಿನ ಕೋಣೆಯಲ್ಲಿ. ಅಲ್ಲಿದ್ದ ಹಳೇ ಸೈಕಲ್ಲು, ಕಾಲು ಮುರಿದ ಕುರ್ಚಿ ಹೊರಗೆ ಬಂದವು. ಗಾರೆಯವನು ಒಂದು ಮೂಲೆಯ ನೆಲ ಅಗೆದು ದಪ್ಪಗೆ ಕಾಂಕ್ರೀಟು ಹಾಕಿಕೊಟ್ಟ. ಅದು ಗಟ್ಟಿಯಾಗಲು ಹತ್ತು ದಿನ ನೀರು ಹಾಕುವ ಕೆಲಸ ಗಂಡನದು.

"ಗಿಡಕ್ಕೆ ನೀರು ಹಾಕಿದರೆ ಹೂವಾದರೂ ಬಿಡುತ್ತೆ" ಅಂದ.

"ಇದರಲ್ಲೂ ಬಿಡುತ್ತೆ, ತಡೀರಿ."

ಲೇತು ಬಂದ ದಿನ ಬೀದಿಯ ಜನವೆಲ್ಲ ಬಾಗಿಲಿಗೆ ಬಂದು ನಿಂತರು. ಅರ್ಧ ಟನ್ನಿಗೆ ಸ್ವಲ್ಪವೇ ಕಡಿಮೆ ತೂಕ. ಹೊರುವವರು ಐದು ಜನ. ಬಾಗಿಲು ಕಿರಿದು, ಚೌಕಟ್ಟು ಒಡೆಯಬೇಕು ಅಂದರು ಅವರು. ಬೇಡ, ಹಿಡಿಕೆಗಳನ್ನು ಬಿಚ್ಚಿದರೆ ಎರಡು ಬೆರಳು ಜಾಗ ಉಳಿಯುತ್ತದೆ ಅಂದಳು ಅವಳು. ಹಿಡಿಕೆ ಬಿಚ್ಚಿ, ಮೂರು ಕಬ್ಬಿಣದ ಪೈಪುಗಳ ಮೇಲೆ ಲೇತನ್ನು ಉರುಳಿಸಿದರು. ಹಿಂದೆ ಉಳಿದ ಪೈಪನ್ನು ಎತ್ತಿ ಮುಂದಕ್ಕೆ ಇಡುವುದು, ಗಡಾರಿಯಿಂದ ಮೀಟುವುದು, ಮತ್ತೆ ಪೈಪು. ಒಳಗೆ ಹೋಗುವಾಗ ಸರಿಯಾಗಿ ಎರಡು ಬೆರಳು ಜಾಗ ಉಳಿಯಿತು.

ಅತ್ತೆ ತಮ್ಮ ಕೋಣೆಯಿಂದ ಗೋಡೆ ಹಿಡಿದುಕೊಂಡು ಬಂದರು. "ಈ ವಯಸ್ಸಲ್ಲಿ ಎಲ್ಲರೂ ಮೊಮ್ಮಕ್ಕಳನ್ನ ಎತ್ತಿಕೊಳ್ತಾರೆ. ನೀನು ಮಷಿನ್ ಎತ್ತಿಕೊಂಡು ಬಂದೆ."

"ಇದು ರಾತ್ರಿ ಅಳಲ್ಲ ಅತ್ತೆ."

"ಹಗಲು ಕಿರುಚುತ್ತಲ್ಲ."

ಸ್ವಚ್ಛ ಮಾಡುವುದಕ್ಕೆ ಮೂರು ವಾರ ಹಿಡಿಯಿತು. ವರ್ಷಗಟ್ಟಲೆಯ ಎಣ್ಣೆ, ಧೂಳು, ಕಬ್ಬಿಣದ ಪುಡಿ ಸೇರಿ ಅಂಟಿನುಂಡೆಯ ಹಾಗೆ ಮೂಲೆಮೂಲೆಯಲ್ಲಿ ಕೂತಿತ್ತು. ಸೀಮೆಎಣ್ಣೆ ಸವರಿ, ನೆನೆಯಲು ಬಿಟ್ಟು, ಮರದ ಚಕ್ಕೆಯಿಂದ ಕೆರೆದು, ಹಳೇ ಬಟ್ಟೆಯಲ್ಲಿ ಒರೆಸಬೇಕು. ಮೋಟಾರಿನ ಮುಚ್ಚಳದೊಳಗೆ ಕಣಜದ ಹುಳು ಕಟ್ಟಿದ ಮಣ್ಣಿನ ಗೂಡು ಸಿಕ್ಕಿತು. ಹಸಿರು ಬಣ್ಣದ ಕೆಳಗೆ ಬೂದು, ಬೂದು ಬಣ್ಣದ ಕೆಳಗೆ ನೀಲಿ.

ಬಿಚ್ಚುವುದೇನೋ ಸುಲಭ, ಯಾವ ಬೋಲ್ಟು ಎಲ್ಲಿಯದು ಅನ್ನುವುದೇ ತಲೆನೋವು. ಅದಕ್ಕೆ ಗಂಡ ಒದಗಿದ. ರಟ್ಟಿನಲ್ಲಿ ಗೂಡುಗೂಡಾಗಿ ಪೆಟ್ಟಿಗೆ ಮಾಡಿ, ಪ್ರತಿ ಗೂಡಿಗೂ ವಿಳಾಸ ಬರೆದ: ಎಡಭಾಗ, ಮುಂದಿನ ಮುಚ್ಚಳ, ಮೇಲಿನ ಸಾಲು, ಎರಡನೆಯದು. ನಲವತ್ತು ವರ್ಷ ಕಾಗದ ವಿಂಗಡಿಸಿದವನು, ಒಂದು ವಾಷರೂ ದಾರಿ ತಪ್ಪಲಿಲ್ಲ.

ಒಂದು ದಿನ ಮಧ್ಯಾಹ್ನ ಅವಳು ಊಟ ಮುಗಿಸಿ ಬರುವಷ್ಟರಲ್ಲಿ ಅತ್ತೆ ಬೋಗುಣಿಯ ಮುಂದೆ ಕೂತು, ಹಲ್ಲುಜ್ಜುವ ಬ್ರಷ್ಷಿನಿಂದ ಹಲ್ಲುಚಕ್ರ ತಿಕ್ಕುತ್ತಿದ್ದರು.

"ಬಿಡಿ ಅತ್ತೆ, ಕೈ ಮಸಿಯಾಗುತ್ತೆ."

"ಅರವತ್ತು ವರ್ಷ ಈ ಮನೆ ಪಾತ್ರೆ ತಿಕ್ಕಿದ್ದೀನಿ. ಇದ್ಯಾವ ಲೆಕ್ಕ. ನೀನು ತಿಕ್ಕಿದ್ದು ಸಂದಿಯಲ್ಲಿ ಹಾಗೇ ಇದೆ ನೋಡು."

ನಿಜವಾಗಿಯೂ ಹಾಗೇ ಇತ್ತು. ಮಿಕ್ಕ ಚಕ್ರಗಳೆಲ್ಲ ಅತ್ತೆಯ ಪಾಲಾದವು.

ಎಲ್ಲ ಜೋಡಿಸಿ, ಮನೆಯ ಕರೆಂಟಿಗೆ ಹೊಂದುವ ಮೋಟಾರು ಕೂರಿಸಿ, ರಸಮಟ್ಟ ಇಟ್ಟು, ಕಾಲುಗಳ ಕೆಳಗೆ ತಗಡಿನ ಚೂರು ಕೊಟ್ಟು ಮಟ್ಟ ಮಾಡಿದಳು. ಕಾಲುಗಳನ್ನು ನೆಲಕ್ಕೆ ಹಿಡಿದಿಡುವ ಬೋಲ್ಟುಗಳನ್ನು ಬಿಗಿಯಾಗಿ ತಿರುವಿದಳು. ಒಂದು ಕಬ್ಬಿಣದ ಸರಳನ್ನು ಚಕ್ಕಿಗೆ ಕಚ್ಚಿಸಿ ಮೊದಲ ಸಲ ಸ್ವಿಚ್ಚು ಹಾಕಿದಾಗ ಗಂಡ, ಅತ್ತೆ ಇಬ್ಬರೂ ಬಾಗಿಲಲ್ಲಿದ್ದರು. ಉಳಿಯ ತುದಿಯಿಂದ ತೆಳ್ಳಗೆ ಸುರುಳಿ ಸುತ್ತಿಕೊಂಡು ಬಂತು. ನಿಲ್ಲಿಸಿ ಅಳೆದಳು. ಒಂದು ತುದಿಗಿಂತ ಇನ್ನೊಂದು ತುದಿ ದಪ್ಪ. ವ್ಯತ್ಯಾಸ ಅರ್ಧ ಕೂದಲೆಳೆ.

ಮತ್ತೆ ಕಡೆದಳು. ಅಷ್ಟೇ ಬಂತು. ತಗಡು ಬದಲಿಸಿದಳು, ಬೋಲ್ಟು ಇನ್ನೂ ಬಿಗಿ ಮಾಡಿದಳು. ವ್ಯತ್ಯಾಸ ಹೆಚ್ಚಾಯಿತು. ಆರು ದಿನ ಹೀಗೇ. ಪಕ್ಕದ ಡಬ್ಬಿಯಲ್ಲಿ ಕೆಟ್ಟ ತುಂಡುಗಳು ತುಂಬಿದವು. ಒಂದು ತಟ್ಟೆ ತುಂಡುಗಳನ್ನು ಅರ್ಧ ಗಂಟೆಯಲ್ಲಿ ಅಳೆದು ಮುಗಿಸುತ್ತಿದ್ದವಳು ಅವಳು. ಒಂದೇ ಒಂದು ತುಂಡು ಸರಿ ಬರುವುದಕ್ಕೆ ಇಷ್ಟು ಬೆವರು ಬೇಕು ಅಂತ ಅವಳಿಗೆ ಕೇಳಿ ಗೊತ್ತಿತ್ತು, ಮೈಗೆ ಗೊತ್ತಿರಲಿಲ್ಲ. ಏಳನೇ ದಿನ ಕೋಣೆಯ ಬಾಗಿಲು ತೆಗೆಯಲಿಲ್ಲ. ಅಡುಗೆಮನೆಯಲ್ಲಿ ಸುಮ್ಮನೆ ಕೂತಳು.

"ಕೇಳೋದಕ್ಕೇನು ನಾಚಿಕೆ?" ಅಂದ ಗಂಡ. "ವಿಳಾಸ ಗೊತ್ತಿಲ್ಲದಿದ್ದರೆ ನಾವು ಹಳೇ ಪೋಸ್ಟ್‌ಮನ್ನನ್ನೇ ಕೇಳ್ತಿದ್ವಿ."

ಸಂಜೆ ಟರ್ನರನ ಮನೆಗೆ ಹೋದಳು. ವಿಷಯ ಹೇಳಿದಳು. ಹೇಳಿ ಮುಗಿದ ಮೇಲೂ ಎದ್ದು ಹೊರಡಲಿಲ್ಲ.

"ಮೇಸ್ತ್ರಿ, ಒಂದು ಸಲ ನಿಮ್ಮ ಎಂಬತ್ತು ಬುಷ್ ವಾಪಸು ಕಳಿಸಿದ್ದೆ."

"ಮರೆಯೋ ಹಾಗಿದೆಯೇ."

"ಕಳಿಸಿದ್ದು ತಪ್ಪಲ್ಲ. ಅವು ದಪ್ಪವೇ ಇದ್ದವು. ಆದರೆ ನೀವು ಎದುರಿಗೆ ನಿಂತಿದ್ದಾಗ ನಾನು ತಲೆ ಎತ್ತಿ ನೋಡಲಿಲ್ಲ. ಅದು ತಪ್ಪು."

ಟರ್ನರ್ ಕನ್ನಡಕ ತೆಗೆದು ಒರೆಸಿದ. "ಅವನ್ನೆಲ್ಲ ಮತ್ತೆ ಕಡೆಯೋಕೆ ನನಗೆ ಎರಡು ದಿನ ಆಯ್ತು. ನಾಲ್ಕು ದಿನ ನಿಮ್ಮನ್ನ ಬೈದೆ. ಆಮೇಲೆ ನಿಮ್ಮ ಕಾರ್ಖಾನೆಗೆ ಕಳಿಸೋ ಮಾಲನ್ನ ಎರಡೆರಡು ಸಲ ಅಳೆದೇ ಕಳಿಸ್ತಿದ್ದೆ." ಚಪ್ಪಲಿ ಹುಡುಕಿ ಮೆಟ್ಟಿಕೊಂಡ. "ನಡೀರಿ. ಅದು ಎಲ್ಲಿ ಹಟ ಹಿಡಿದು ಕೂತಿದೆಯೋ ನೋಡೋಣ."

ಕೋಣೆಗೆ ಬಂದವನು ಮೊದಲು ಮಷಿನ್ನಿನ ಮೇಲೆಲ್ಲ ಅಂಗೈ ಆಡಿಸಿದ. ಎಲ್ಲೂ ಜಿಡ್ಡಿರಲಿಲ್ಲ. ಇನ್ನೊಮ್ಮೆ ಆಡಿಸಿದ. ಆಮೇಲೆ ಬಗ್ಗಿ ಕಾಲಿನ ಬೋಲ್ಟುಗಳನ್ನು ಮುಟ್ಟಿದ.

"ಇಷ್ಟು ಬಿಗಿದಿದ್ದು ಯಾಕೆ?"

"ಅಲುಗಾಡಬಾರದು ಅಂತ."

"ಇದನ್ನ ಹೀಗೆ ಅದುಮಿದರೆ ಹಸೀ ಹಲಗೆ ಹಾಗೆ ತಿರುಚಿಕೊಳ್ಳುತ್ತೆ. ನೋಡೋಕೆ ನೆಟ್ಟಗೆ, ಒಳಗೆ ಸೊಟ್ಟ. ಎಲ್ಲ ಸಡಿಲ ಬಿಡಿ. ಇವತ್ತು ಒಂದು ದಿನ ಅದರ ಪಾಡಿಗೆ ಕೂತ್ಕೊಳ್ಳಲಿ."

ಮಾರನೇ ದಿನ ಬೆಳಗ್ಗೆ ಬಂದು ಸ್ಟೂಲು ಹಾಕಿಕೊಂಡ. ಅವನು ಹೇಳುವುದು, ಅವಳು ತಿರುಗಿಸುವುದು. ಬಲಗಡೆಯ ಮುಂದಿನ ಕಾಲಿನ ಬೋಲ್ಟು, ಕಾಲು ಸುತ್ತು. ಕಡೆದು ಅಳೆಯುವುದು. ಮತ್ತೆ ಅರೆಕಾಲು ಸುತ್ತು ಹಿಂದಕ್ಕೆ. ಅವಳು ಅಂಕಿ ಓದಿ ಹೇಳುವ ಮೊದಲೇ, ಉಳಿಯ ಸದ್ದು ಕೇಳಿ ಅವನು "ಇನ್ನೂ ಇಲ್ಲ" ಅನ್ನುತ್ತಿದ್ದ. ಊಟದ ಹೊತ್ತಿಗೆ ಎರಡು ತುದಿಗಳ ಅಳತೆ ಒಂದೇ ಬಂತು. ಅವಳು ಮೂರು ಸಲ ಅಳೆದಳು. ಅವನು ಆ ತುಂಡನ್ನು ಕೈಗೆ ಇಸಕೊಂಡು, ಹೆಬ್ಬೆರಳು ಆಡಿಸಿ, ವಾಪಸು ಕೊಟ್ಟ. ಅವಳು ಅದನ್ನು ಒರೆಸಿ ಬೇರೆಯಾಗಿ ಎತ್ತಿಟ್ಟಳು. ಊಟಕ್ಕೆ ಏಳಿ ಅಂದಳು.

ಅಲ್ಲಿಂದ ಟರ್ನರ್ ವಾರಕ್ಕೆ ಎರಡು ಸಲ ಬರತೊಡಗಿದ. ಅತ್ತೆಗೂ ಅವನಿಗೂ ಮಾತಿಗೆ ಮಾತು. ಲೇತಿನ ಸದ್ದಿಗೆ ತಮಗೆ ಒಳ್ಳೆ ನಿದ್ದೆ ಬರುತ್ತದೆ, ಮಷಿನ್ ನಿಂತರೆ ಎಚ್ಚರವಾಗುತ್ತದೆ ಅನ್ನುತ್ತಾರೆ ಅತ್ತೆ.

ಮಳೆಗಾಲ ಮುಗಿಯುವಾಗ ಬೀದಿ ಕೊನೆಯ ದರ್ಜಿ ತನ್ನ ಹೊಲಿಗೆ ಯಂತ್ರದ ಸವೆದ ಬುಷ್ ತಂದ. ಅಂಗಡಿಯಲ್ಲಿ ಈ ಮಾದರಿ ಸಿಗುತ್ತಿಲ್ಲವಂತೆ. ಅವಳು ಹಿತ್ತಾಳೆಯಲ್ಲಿ ಹೊಸದು ಮಾಡಿದಳು. ಮೊದಲನೆಯದು ಕೆಟ್ಟಿತು, ಎರಡನೆಯದು ಕೂತಿತು. ದರ್ಜಿ ಅದನ್ನು ತಗೊಂಡು ಹೋಗಿ ಹಾಕಿದ. ಒಂದು ವಾರ ಕಳೆದರೂ ಚೆನ್ನಾಗಿದೆ ಅಂತಾಗಲಿ, ಕೆಟ್ಟಿತು ಅಂತಾಗಲಿ ಮಾತಿಲ್ಲ. ಎಂಟನೇ ದಿನ ಅವಳೇ ಆ ಕಡೆ ಹೋದಾಗ, ಅವನು ಹೊಲಿಯುತ್ತಿದ್ದ, ಯಂತ್ರ ಒಂದೇ ಸಮ ಓಡುತ್ತಿತ್ತು.

"ಏನಾದರೂ ಬೇಕಿತ್ತಾ ಅಕ್ಕ?" ಅಂದ, ಕಾಲು ನಿಲ್ಲಿಸದೆ. ಹೊಸ ಬುಷ್ ಅವನಿಗೆ ನೆನಪೇ ಇದ್ದಂತಿರಲಿಲ್ಲ.

"ಏನಿಲ್ಲ, ಹೀಗೇ ಬಂದೆ" ಅಂದಳು. ಮನೆಗೆ ಬಂದು ಚಹಾಕ್ಕೆ ನೀರಿಟ್ಟಳು.